ಹರಿಯದ ಜಾಕೆಟ್ಟು

ಲಿಜೊವೆ ಸಂತೆಪೇಟೆ
ಜೂನ್ 3, 1999

ಅಮ್ಮಾ,

ಅಪ್ಪ ತೀರಿಕೊಂಡ ಬೆಳಿಗ್ಗೆ ಅವರ ಮೈಮೇಲೆ ಹೊಳೆಯುವ ಪಟ್ಟಿಯ ಆ ಕಿತ್ತಳೆ ಜಾಕೆಟ್ಟು ಇರಲಿಲ್ಲ. ನೀನು ಬೇವಿನ ಸೊಪ್ಪು ಹಾಕಿ ಟ್ರಂಕಿನಲ್ಲಿ ಮಡಿಸಿಟ್ಟಿದ್ದೀಯಲ್ಲ, ಅದೇ ಜಾಕೆಟ್ಟು. ನಾಲ್ಕು ವರ್ಷದಿಂದ ಈ ಮಾತನ್ನು ಬಾಯಿಂದ ಹೊರಗೆ ಬಿಟ್ಟಿಲ್ಲ. ಈಗ ಬರೆಯುತ್ತಿದ್ದೇನೆ. ಕೂತುಕೊಂಡು ಓದು.

ನಾನು ಅಲ್ಲಿದ್ದೆ. ಕಲಾಂಜೆ ತಿರುವಿನಲ್ಲಿ ಬಸ್ಸು ಮಗುಚಿದೆ ಎಂದು ಸುದ್ದಿ ಬಂದಾಗ ಅಪ್ಪ ಸೈಕಲ್ ತೆಗೆದರು. ನಾನು ಹಿಂದೆ ಮಚ್ಚು ಹಿಡಿದು ಕೂತೆ. ಠಾಣೆಗೆ ಆಗಲೂ ಜೀಪಿರಲಿಲ್ಲ, ಕೆಂಪು ದೀಪವಿರಲಿಲ್ಲ. ಬರುವ ಗಾಡಿಗಳಿಗೆ ಎಚ್ಚರಿಕೆ ಕೊಡಲು ಕೊಂಬೆ ಕಡಿದು ರಸ್ತೆಯುದ್ದಕ್ಕೂ ಹಾಸುವುದೊಂದೇ ದಾರಿ. ಪೊಲೀಸ್ ಕ್ವಾರ್ಟರ್ಸಿನ ಮಕ್ಕಳೆಲ್ಲ ಆ ಕೆಲಸ ಮಾಡಿದವರೇ. ಅವತ್ತು ಚಳಿಗಾಲದ ಆ ಚಿಪೆರೋನಿ ಮಂಜು ಹೇಗಿತ್ತೆಂದರೆ, ಕೊಂಬೆ ಕಡಿದ ನನ್ನ ಕೈ ನನಗೇ ಕಾಣುತ್ತಿರಲಿಲ್ಲ.

ಅಪ್ಪ ಕಿಟಕಿಯಿಂದ ಒಬ್ಬ ಹೆಂಗಸನ್ನು ಎಳೆದರು. ಅವಳ ಎದೆಯ ಮೇಲೆ ಹಸುಗೂಸು. ಮೈಯೆಲ್ಲ ಒದ್ದೆ, ತುಟಿ ನೀಲಿ, ಅಳುವ ಶಕ್ತಿಯೂ ಇಲ್ಲ. ಅಪ್ಪ ಜಾಕೆಟ್ಟು ಬಿಚ್ಚಿ ಕೂಸಿಗೆ ಸುತ್ತಿದರು. ನನ್ನ ಕಡೆ ತಿರುಗಿ, "ತಮಾಂಡಾ, ಇನ್ನೂ ಮೇಲಕ್ಕೆ ಹಾಕಮ್ಮಾ ಕೊಂಬೇನ" ಅಂದರು. ಹಾಕಿದೆ. ಮೇಲಿನಿಂದ ಬಂದ ಲಾರಿಯೊಂದು ನನ್ನನ್ನೂ ನನ್ನ ಕೊಂಬೆಗಳನ್ನೂ ದಾಟಿಕೊಂಡೇ ಕೆಳಗೆ ಅಪ್ಪನ ಮೇಲೆ ಹೋಯಿತು. ಡ್ರೈವರ್ ಕೊಂಬೆ ನೋಡಿದ್ದ. ನಂಬಿರಲಿಲ್ಲ.

ಮಾರನೆಯ ದಿನ ಆ ಹೆಂಗಸು ಜಾಕೆಟ್ಟನ್ನು ಒಗೆದು ಠಾಣೆಗೆ ತಂದುಕೊಟ್ಟಳು. ಠಾಣೆಯವರು ಅದನ್ನು ಟೋಪಿ, ಬೆಲ್ಟಿನ ಜೊತೆ ಅಪ್ಪನ ಶವಪೆಟ್ಟಿಗೆಯ ಮೇಲಿಟ್ಟರು. ಇನ್ಸ್‌ಪೆಕ್ಟರ್ ಮ್ವಾಲೆ ಎದ್ದು ನಿಂತು, "ಮೈಮೇಲಿನ ಸರಂಜಾಮು ಕಳಚದೆ, ನಿಂತ ಜಾಗ ಬಿಡದೆ ಬಿದ್ದ ಸಿಪಾಯಿ" ಎಂದರು. ಅದು ಕೇಳಿ ಚಾಪೆಯ ಮೇಲೆ ಕುಸಿದು ಕೂತಿದ್ದ ನೀನು ಬೆನ್ನು ನೆಟ್ಟಗೆ ಮಾಡಿಕೊಂಡೆ. ನಿನ್ನ ಆ ಬೆನ್ನು ನೋಡಿ ನಾನು ಬಾಯಿ ಮುಚ್ಚಿಕೊಂಡೆ. ಅಷ್ಟೇ.

ಈಗ ಯಾಕೆ ಹೇಳುತ್ತಿದ್ದೇನೆಂದರೆ, ಬೆಸ್ಟನ್ ಅಣ್ಣನನ್ನು ಕಲಾಂಜೆ ಠಾಣೆಗೇ ಹಾಕಿದ್ದಾರೆ. ಅವನು ನಿನಗೆ ಬರೆದಿರುವುದಿಲ್ಲ. ಮೊನ್ನೆ ಆಲೂಗಡ್ಡೆ ಕೊಳ್ಳಲು ಮೇಲೆ ಹೋದಾಗ ನೋಡಿದೆ. ಅದೇ ತಿರುವು, ಅದೇ ಮಂಜು, ಕಪ್ಪನೆಯ ಕೋಟು ಹಾಕಿ ರಸ್ತೆ ನಡುವೆ ನಿಂತಿದ್ದಾನೆ. ಎರಡು ಮಾರು ದೂರದಿಂದ ಅವನು ಮನುಷ್ಯನೋ ಮರದ ಬೊಡ್ಡೆಯೋ ತಿಳಿಯುವುದಿಲ್ಲ. ಠಾಣೆಗೆ ಹೊಳೆಯುವ ಜಾಕೆಟ್ಟು ಒಂದಿದೆ. ಅದನ್ನು ಮೋಟಾರ್ ಸೈಕಲ್ಲಿನ ಸೀಟಿಗೆ ದಿಂಬಿನ ಹಾಗೆ ಕಟ್ಟಿದ್ದಾರೆ.

"ಹಾಕ್ಕೊಳ್ಳೋಕೇನು?" ಅಂದೆ.

"ಅಪ್ಪ ಹಾಕ್ಕೊಂಡೇ ಸತ್ರಲ್ಲೇ" ಅಂದ. "ಏನು ಕಾಪಾಡ್ತು ಅದು? ಬರೋದು ಬಂದೇ ಬರುತ್ತೆ."

ನಗುತ್ತಾ ಹೇಳಿದ ಅಮ್ಮಾ. ಹೊಸದಾಗಿ ಬಂದ ಹುಡುಗರಿಗೂ ಇದನ್ನೇ ಹೇಳುತ್ತಾನಂತೆ. ಒಂದು ಸುಳ್ಳನ್ನು ನಂಬಿ ನಿಂತಿದ್ದಾನೆ. ನಾನು ಹೇಳಿದರೆ ನಂಬುವುದಿಲ್ಲ, ನೀನು ಹೇಳಿದರೆ ನಂಬುತ್ತಾನೆ. ಅವನಿಗೆ ಬರೆ. ಅಪ್ಪನ ಜಾಕೆಟ್ಟನ್ನೂ ಕಳಿಸು. ಅದು ರಸ್ತೆ ಕಂಪನಿಯವರು ಕೊಟ್ಟಿದ್ದು, ಗಟ್ಟಿ ಮಾಲು. ಪಟ್ಟಿ ಇನ್ನೂ ಹೊಳೆಯುತ್ತಿರಬೇಕು.

ನಿಮ್ಮ ಸರೋವರದ ಕಡೆ ಬರುವ ಬಸ್ಸಿನ ಕಂಡಕ್ಟರ್ ಈ ಕಾಗದ ತರುತ್ತಾನೆ. ಉತ್ತರವನ್ನು ಅವನ ಕೈಯಲ್ಲೇ ಕೊಡು.

ನಿನ್ನ ಮಗಳು,
ತಮಾಂಡಾ


ಚಿಲಂಬೆ
ಜೂನ್ 19

ತಮಾಂಡಾ,

ಕಾಗದ ಬಂತು. ಕಂಡಕ್ಟರನಿಗೆ ಒಣಮೀನು ಕೊಟ್ಟಿದ್ದೇನೆ, ಅರ್ಧ ನಿನಗೆ, ಅರ್ಧ ಅವನಿಗೆ. ಅವನು ನಿನ್ನ ಅರ್ಧದಲ್ಲಿ ಕೈ ಹಾಕಿದ್ದರೆ ಬರೆ.

ಇಲ್ಲಿ ಗಾಳಿ ಜೋರಾಗಿದೆ, ದೋಣಿ ಇಳಿಸುತ್ತಿಲ್ಲ. ನಿನ್ನ ಸೋದರಮಾವನಿಗೆ ಮಂಡಿನೋವು. ಚಿಕ್ಕಮ್ಮನ ಮನೆಯ ಗೋಡೆ ಒಂದು ಕಡೆ ಕುಸಿದು, ನಾವೆಲ್ಲ ಸೇರಿ ಮಣ್ಣು ಮೆತ್ತಿದೆವು. ನೀನು ಇನ್ನೂ ಆ ಆಲೂಗಡ್ಡೆ ಮಾರುವ ಮುದುಕಿಯ ಮನೆಯಲ್ಲೇ ಮಲಗುತ್ತೀಯಾ? ಕಾಲಿಗೆ ಏನಾದರೂ ಹಾಕಿಕೋ. ಶಾಲೆ ಬಿಟ್ಟವಳು ಬೂಟೂ ಬಿಡಬೇಕೆಂದಿಲ್ಲ.

ನೀನು ಬರೆದ ವಿಷಯ ಬೆಸ್ಟನ್‌ಗೆ ಹೇಳಬೇಡ. ಆಗಸ್ಟಿನಲ್ಲಿ ಸತ್ತ ಪೊಲೀಸರ ಸ್ಮಾರಕದ ಕಲ್ಲಿನ ಮುಂದೆ ಹೆಸರು ಓದುತ್ತಾರೆ. ಪೂರ್ತಿ ಸರಂಜಾಮಿನಲ್ಲಿ ಬಿದ್ದವರ ಹೆಸರನ್ನು ಮಾತ್ರ ಆ ಕಲ್ಲಿನಲ್ಲಿ ಕೆತ್ತುವುದು ಎಂದು ಇನ್ಸ್‌ಪೆಕ್ಟರ್ ನನಗೆ ಬಿಡಿಸಿ ಹೇಳಿದ್ದರು. ಕ್ವಾರ್ಟರ್ಸ್ ಬಿಡಿಸಿದರು, ಹೋಗಲಿ. ಹೆಸರು ಬಿಡಿಸುವುದು ಬೇಡ.

ಆ ಕೂಸು ಗಂಡೋ ಹೆಣ್ಣೋ ಬರೆಯಲಿಲ್ಲ. ಬದುಕಿದೆಯಾ?

ಅಮ್ಮ


ಲಿಜೊವೆ
ಜುಲೈ 4

ಅಮ್ಮಾ,

ಗಂಡು. ಬದುಕಿದ್ದಾನೆ. ಅವನ ತಾಯಿ ಫೈನೆಸ್ ಇಲ್ಲೇ ಸಂತೆಯಲ್ಲಿ ಬೇಯಿಸಿದ ಮರಗೆಣಸು ಮಾರುತ್ತಾಳೆ. ಹುಡುಗ ಟೊಮೆಟೊ ಬುಟ್ಟಿಗಳ ಸಂದಿಯಲ್ಲಿ ಓಡಾಡುತ್ತಾ ಎಲ್ಲರ ಕೈಯಲ್ಲೂ ಬೈಸಿಕೊಳ್ಳುತ್ತಾನೆ. ಅವಳು ಅವನನ್ನು ಏನೆಂದು ಕೂಗುತ್ತಾಳೆ ಗೊತ್ತಾ? ವೈಸನ್ ಎಂದು. ಅಪ್ಪನ ಹೆಸರು. ಅವಳು ನನ್ನ ಹತ್ತಿರ ಈ ಬಗ್ಗೆ ಒಂದು ಮಾತೂ ಆಡಿಲ್ಲ, ನಾನೂ ಕೇಳಿರಲಿಲ್ಲ. ಚಳಿಗಾಲ ಬಂದರೆ ಬಿಸಿ ಗೆಣಸಿನ ಪೊಟ್ಟಣವೊಂದು ನನ್ನ ಮುಂದೆ ಇಟ್ಟು ಹೋಗುತ್ತಾಳೆ, ಅಷ್ಟೇ.

ನಿನ್ನ ಮಾತು ಮೀರಿದೆ. ಅಣ್ಣನಿಗೆ ಹೇಳಿಬಿಟ್ಟೆ. ಸುಮ್ಮನಿರಬೇಕೆಂದೇ ಇದ್ದೆ. ಆದರೆ ಮೊನ್ನೆ ಗುರುವಾರ ಆದದ್ದನ್ನು ನೋಡಿದ್ದರೆ ನೀನೂ ಹೇಳುತ್ತಿದ್ದೆ.

ತಿರುವಿನಲ್ಲಿ ಆಲೂಗಡ್ಡೆ ಲಾರಿ ಅಡ್ಡ ಬಿದ್ದಿತ್ತು. ಊರೆಲ್ಲ ಗೋಣಿ ತಂದು ರಸ್ತೆ ಮೇಲೆ ಹರಡಿದ ಗಡ್ಡೆ ಆಯುತ್ತಿದ್ದರು. ಅಣ್ಣನ ಜೊತೆ ಕಾನ್‌ಸ್ಟೇಬಲ್ ಡಿಕ್ಸನ್ ಇದ್ದ. ಉದ್ದ ಕತ್ತಿನ ಹುಡುಗ, ಅವನ ಬಾಯಿಗೆ ಬಿಡುವಿಲ್ಲ.

"ಏಯ್ ಅಜ್ಜೀ, ರಸ್ತೆ ಬಿಟ್ಟು ಆ ಕಡೆ ಆಯ್ಕೋ! ಕಾಲು ಮುರ್ಕೊಂಡ್ರೆ ನಿನ್ನ ಯಾರು ಮದ್ವೆ ಆಗ್ತಾರೆ?"

"ನೀನೇ ಆಗೋ" ಅಂದಳು ಅಜ್ಜಿ, ಬಗ್ಗಿದವಳು ತಲೆ ಎತ್ತದೆ. "ಸರ್ಕಾರಿ ಸಂಬಳ ಬರುತ್ತಲ್ಲ!"

"ಬರುತ್ತೆ ಅಂತ ನಾನೂ ಕೇಳಿದೀನಿ ಅಜ್ಜಿ!"

ಜನ ನಕ್ಕರು, ರಸ್ತೆ ಬಿಡಲಿಲ್ಲ. ನಾನು ಮಚ್ಚು ತೆಗೆದುಕೊಂಡು ಮೇಲೆ ಓಡಿದೆ. ಮೊದಲು ಮಾಡಿದ ಕೆಲಸ, ಅಲ್ಲಿ ಬಿದ್ದಿದ್ದ ಹಳೆಯ ಕೊಂಬೆಗಳನ್ನು ಎಳೆದು ಹಳ್ಳಕ್ಕೆ ಎಸೆದದ್ದು. ಇದು ನಿನಗೆ ಅರ್ಥವಾಗಬೇಕು ಅಮ್ಮಾ, ಯಾಕೆಂದರೆ ಅಪ್ಪ ಸತ್ತದ್ದು ಇದರಿಂದಲೇ. ಬೇರೆ ಕಾಲದಲ್ಲಿ ಕೊಂಬೆ ಮಧ್ಯಾಹ್ನಕ್ಕೇ ಬಾಡುತ್ತದೆ. ಹಸಿ ಸೊಪ್ಪು ಕಂಡರೆ ಮುಂದೆ ಅಪಾಯ ಇದೆ, ಒಣ ಸೊಪ್ಪು ಕಂಡರೆ ಮುಗಿದುಹೋಗಿದೆ ಎಂದು ಎಲ್ಲ ಡ್ರೈವರುಗಳಿಗೂ ಗೊತ್ತು. ಚಿಪೆರೋನಿಯಲ್ಲಿ ಮಾತ್ರ ಹಾಗಲ್ಲ. ಮಂಜು ಕುಡಿದುಕೊಂಡು ಕೊಂಬೆ ವಾರಗಟ್ಟಲೆ ಹಸಿರಾಗಿಯೇ ಇರುತ್ತದೆ. ಲಾರಿ ಎತ್ತಿದ ಮೇಲೆ ಎಲ್ಲರೂ ಮನೆಗೆ ಹೋಗುತ್ತಾರೆ, ಕೊಂಬೆ ತೆಗೆಯುವವರು ಯಾರೂ ಇಲ್ಲ. ಒಂದು ಸಲ ಸುಮ್ಮನೆ ಬ್ರೇಕು ಹಾಕಿದ ಡ್ರೈವರ್ ಎರಡನೇ ಸಲ ಹಾಕುವುದಿಲ್ಲ. ಇಳಿಜಾರಿನಲ್ಲಿ ಬರುತ್ತಿದ್ದ ಒಬ್ಬ ಕಿಟಕಿಯಿಂದ ತಲೆ ಹೊರಗೆ ಹಾಕಿ ನನ್ನನ್ನು ಕೇಳಿದ:

"ಏನೇ ಹುಡುಗಿ, ಇದು ನಿನ್ನೆ ಸೊಪ್ಪೋ ಇವತ್ತಿಂದೋ?"

"ಇವತ್ತಿಂದು! ನಿಧಾನ!"

ಅವನು ಕೇಳಿದ. ಎಲ್ಲರೂ ಕೇಳುವುದಿಲ್ಲ. ಅವನ ಹಿಂದೆ ಬಂದ ಮಿನಿಬಸ್ಸು ಕೇಳದೆ ಬಂದು, ಅಣ್ಣನ ಕೋಟಿನ ತೋಳನ್ನು ಸವರಿಕೊಂಡು ಹೋಗಿ ದಿಬ್ಬಕ್ಕೆ ಮೂತಿ ಗುದ್ದಿ ನಿಂತಿತು. ಅಣ್ಣ ತೋಳು ಒರೆಸಿಕೊಂಡ, ಸೊಳ್ಳೆ ಕೂತಿತ್ತೇನೋ ಎಂಬಂತೆ.

ಆಗ ಹೇಳಿದೆ. ಎಲ್ಲರ ಎದುರಿಗಲ್ಲ, ಠಾಣೆಯ ಹಿಂದೆ ಕರೆದುಕೊಂಡು ಹೋಗಿ. ಕೂಸಿಗೆ ಸುತ್ತಿದ್ದು, ಫೈನೆಸ್ ಒಗೆದು ತಂದದ್ದು, ಎಲ್ಲ. ಅವನ ಮುಖ ಒಂದು ಗಳಿಗೆ ಅಪ್ಪನ ಮುಖದ ಹಾಗೆ ಆಯಿತು. ಆಮೇಲೆ ಗಟ್ಟಿಯಾಯಿತು.

"ಅಮ್ಮಂಗೆ ಗೊತ್ತಾ ಇದು?"

"ಬರೆದಿದೀನಿ."

"ಅಮ್ಮ ಹೌದು ಅಂದ್ರಾ?"

ನಾನು ಸುಳ್ಳು ಹೇಳಲಿಲ್ಲ. "ಏನೂ ಅಂದಿಲ್ಲ" ಅಂದೆ.

"ಹಾಗಾದ್ರೆ ಬಾಯಿ ಮುಚ್ಕೊಂಡು ಆಲೂಗಡ್ಡೆ ಮಾರ್ಕೊಂಡಿರು. ಆ ಕಲ್ಲಿನ ಮುಂದೆ ನಿಂತು ನಾನು ಪ್ರಮಾಣ ಮಾಡಿದೀನಿ. ಸ್ಕೂಲಲ್ಲಿ ಎರಡನೇ ಫಾರಮ್ಮೂ ಮುಗಿಸ್ದೇ ಇರೋಳು ಬಂದು ಅಪ್ಪನ ಹೆಸರು ಕೆರೀತೀಯಾ?"

ಫೈನೆಸ್‌ಳನ್ನು ಕೇಳಿದೆ, ನೀನಾದರೂ ಬಂದು ಹೇಳು ಎಂದು. ಅವಳು ಗೆಣಸಿನ ಪಾತ್ರೆಯ ಮುಚ್ಚಳ ತೆಗೆದಳು, ಮುಚ್ಚಿದಳು. "ಬೇಡ ಕಣೇ ತಂಗಿ. ಇವನಿಗೋಸ್ಕರ ಪೊಲೀಸ್ ಸತ್ತ ಅಂತ ಊರೆಲ್ಲ ನನ್ನ ಮಗನ್ನ ಬೆರಳು ಮಾಡಿ ತೋರಿಸ್ತಾರೆ. ಅವನಿನ್ನೂ ಚಿಕ್ಕೋನು" ಎಂದಳು.

ನೀನು ಬರೆದರೆ ಮಾತ್ರ ಆಗುತ್ತದೆ ಅಮ್ಮಾ. ಕೈ ಮುಗಿದು ಕೇಳುತ್ತೇನೆ.

ಮೀನು ಬಂತು. ಕಂಡಕ್ಟರ್ ಕೈ ಹಾಕಿದ್ದಾನೆ, ಸ್ವಲ್ಪ.

ತಮಾಂಡಾ


ಕಲಾಂಜೆ ಪೊಲೀಸ್ ಠಾಣೆ
ಜುಲೈ 11

ತಂಗಿ,

ಲಾರಿಯವನ ಕೈಯಲ್ಲಿ ಈ ಚೀಟಿ ಕಳಿಸುತ್ತಿದ್ದೇನೆ. ಠಾಣೆಯ ಹತ್ತಿರ ಇನ್ನು ಬರಬೇಡ. ನೀನು ಮಚ್ಚು ಹಿಡಿದು ರಸ್ತೆಯಲ್ಲಿ ಓಡಾಡುವುದನ್ನು ಇನ್ಸ್‌ಪೆಕ್ಟರ್ ಮ್ವಾಲೆ ನೋಡಿದ್ದಾರೆ. "ನಿಮ್ಮ ಮನೆ ಹೆಣ್ಣುಮಕ್ಕಳಿಗೆ ಬೇರೆ ಕೆಲಸ ಇಲ್ವಾ?" ಅಂದರು. ಒಳ್ಳೆಯ ಮಾತಿನಲ್ಲೇ ಅಂದರು.

ನೀನು ಹೇಳಿದ್ದರ ಬಗ್ಗೆ ಯೋಚಿಸಲಿಲ್ಲ ಎಂದಲ್ಲ. ನಿಜವೆಂದೇ ಇಟ್ಟುಕೊಳ್ಳೋಣ. ಆಗ ಏನಾಗುತ್ತದೆ? ಅಪ್ಪ ಬಿಚ್ಚಿಕೊಟ್ಟರು, ಸತ್ತರು, ಅಂದರೆ ಬದುಕಬಹುದಿತ್ತು. ಇಷ್ಟು ವರ್ಷ ಹಾಗೆ ಅಂದುಕೊಂಡಿರಲಿಲ್ಲ. ಈಗ ಪ್ರತಿ ಸಲ ತಿರುವಿನಲ್ಲಿ ನಿಂತಾಗ ಅದೇ ತಲೆಗೆ ಬರುತ್ತದೆ. ನೀನು ನನಗೆ ಏನು ಉಪಕಾರ ಮಾಡಿದಂತಾಯಿತು?

ಡಿಕ್ಸನ್ ನಿನ್ನ ಬಗ್ಗೆ ವಿಚಾರಿಸಿದ. ಈಗ ದಿನಾ ಆ ಅಜ್ಜಿಯನ್ನು ತಮಾಷೆಗೆ ಮದುವೆಗೆ ಕೇಳುತ್ತಾನೆ, ಅವಳು ಒಪ್ಪದಿದ್ದರೆ ನಿನ್ನನ್ನು ಕೇಳುತ್ತಾನಂತೆ. ಕಪಾಳಕ್ಕೆ ಬಾರಿಸಿದ್ದೇನೆ.

ಬೂಟು ತೆಗೆದುಕೋ. ಚೀಟಿಯೊಳಗೆ ನೋಟು ಇಟ್ಟಿದ್ದೇನೆ.

ಬೆಸ್ಟನ್


ಲಿಜೊವೆ
ಜುಲೈ 30

ಅಮ್ಮಾ,

ಡಿಕ್ಸನ್ ಹೋದ.

ಮಂಗಳವಾರ ಬೆಳಿಗ್ಗೆ, ಸೇತುವೆಯ ಪಕ್ಕ. ಸೈಕಲ್ಲಿನವನೊಬ್ಬ ಬಿದ್ದಿದ್ದ, ಎತ್ತಲು ಬಗ್ಗಿದಾಗ ಗಾಡಿಯೊಂದು ಮೈಮೇಲೆ ಹಾಯಿತು. ರಸ್ತೆಯ ಮೇಲ್ಗಡೆ ಕೊಂಬೆ ಇತ್ತು. ಅದು ಹಿಂದಿನ ವಾರದ್ದು, ಇನ್ನೂ ಹಸಿರಾಗಿತ್ತು. ನಾನು ಅಲ್ಲಿರಲಿಲ್ಲ. ಬರಬೇಡ ಎಂದಿದ್ದನಲ್ಲ ಅಣ್ಣ, ಬೂಟು ಹಾಕಿಕೊಂಡು ಸಂತೆಯಲ್ಲಿ ಕೂತಿದ್ದೆ.

ಜಾಕೆಟ್ಟು ಮೋಟಾರ್ ಸೈಕಲ್ಲಿನ ಸೀಟಿಗೆ ಕಟ್ಟಿಯೇ ಇತ್ತು. ನಿನ್ನೆ ಅದನ್ನು ಬಿಚ್ಚಿ, ಒಗೆದು, ಇಸ್ತ್ರಿ ಮಾಡಿ ಅವನ ಶವಪೆಟ್ಟಿಗೆಯ ಮೇಲಿಟ್ಟರು. ಟೋಪಿ, ಬೆಲ್ಟು, ಜಾಕೆಟ್ಟು. ಕಹಳೆ ಊದಿದ ಮೇಲೆ ಮಡಿಸಿ ಅವನ ತಾಯಿಯ ಮಡಿಲಿಗೆ ಹಾಕಿದರು. "ಮೈಮೇಲಿನ ಸರಂಜಾಮು ಕಳಚದೆ" ಎಂದರು ಇನ್ಸ್‌ಪೆಕ್ಟರ್. ಆ ತಾಯಿ ಬೆನ್ನು ನೆಟ್ಟಗೆ ಮಾಡಿಕೊಂಡಳು. ನಿನ್ನ ಹಾಗೆಯೇ.

ಅವರು ಸುಳ್ಳು ಹೇಳಬೇಕೆಂದು ಹೇಳುತ್ತಿಲ್ಲ ಅಮ್ಮಾ, ಅದು ನನಗೆ ಈಗ ಕಂಡಿತು. ಸತ್ತವನನ್ನು ಬರಿಗೈಯಲ್ಲಿ ಕಳಿಸಲು ಅವರಿಗೆ ಮನಸ್ಸು ಬರುವುದಿಲ್ಲ. ಇರುವುದನ್ನೆಲ್ಲ ಪೆಟ್ಟಿಗೆಯ ಮೇಲೆ ಇಡುತ್ತಾರೆ. ಈಗ ಠಾಣೆಯಲ್ಲಿ ಜಾಕೆಟ್ಟೇ ಇಲ್ಲ. ಇದ್ದ ಒಂದೂ ಡಿಕ್ಸನ್‌ನ ಅಮ್ಮನ ಮನೆಯಲ್ಲಿದೆ.

ಅವತ್ತು ರಸ್ತೆಯಲ್ಲಿ ಆಲೂಗಡ್ಡೆ ಆಯುತ್ತಿದ್ದ ಅಜ್ಜಿ ಮಣ್ಣಿಗೆ ಬಂದಿದ್ದಳು. ಗುಂಡಿಯ ಹತ್ತಿರ ನಿಂತು, "ಆಯ್ತು ಅಂದಿದ್ರೆ ಏನಾಗ್ತಿತ್ತೋ ನಂಗೆ, ಆಯ್ತು ಅಂದಿದ್ರೆ ಏನಾಗ್ತಿತ್ತು" ಎಂದು ಅತ್ತಳು. ಕೇಳಿದವರಿಗೆ ಅರ್ಥವಾಗಲಿಲ್ಲ.

ಅಣ್ಣ ಅಳಲಿಲ್ಲ. ಡಿಕ್ಸನ್ ಸತ್ತ ಮಾರನೆಯ ದಿನವೇ ಅದೇ ಸೇತುವೆಯ ಮೇಲೆ, ಮೊದಲಿಗಿಂತ ಎರಡು ಹೆಜ್ಜೆ ಮುಂದೆ, ರಸ್ತೆಯ ನಟ್ಟನಡುವೆ ನಿಂತಿದ್ದ. ನಾನು ಕೆಳಗಿನಿಂದ ಕೂಗಿದೆ. ತಿರುಗಿ ನೋಡಲಿಲ್ಲ.

ನನಗೆ ಏನು ಮಾಡಬೇಕೋ ತಿಳಿಯುತ್ತಿಲ್ಲ.

ತಮಾಂಡಾ


ಚಿಲಂಬೆ
ಆಗಸ್ಟ್ 9

ತಮಾಂಡಾ,

ಚಿತೆಂಜೆ ಬಟ್ಟೆಯಲ್ಲಿ ಗಂಟು ಕಟ್ಟಿ ಕಳಿಸಿದ್ದೇನೆ. ಕಂಡಕ್ಟರನಿಗೆ ಇದರಲ್ಲಿ ಮೀನಿಲ್ಲ ಎಂದು ಹೇಳಿದ್ದೇನೆ. ಬಿಚ್ಚಿದರೆ ಕೈ ಕಡಿಯುತ್ತೇನೆ ಎಂದೂ ಹೇಳಿದ್ದೇನೆ.

ಈಗ ನನ್ನ ಮಾತು ಕೇಳು. ಇದನ್ನು ಬೆಸ್ಟನ್‌ಗೆ ಓದಿ ಹೇಳು, ಅಥವಾ ಕಾಗದವನ್ನೇ ಕೊಡು.

ಇದು ನನಗೆ ಮೊದಲ ದಿನವೇ ಗೊತ್ತಿತ್ತು. ನಿಮ್ಮಪ್ಪನ ಅಂಗಿಯನ್ನು ಒಗೆದವಳು ನಾನು. ಆ ಅಂಗಿಯಲ್ಲಿ ಹರಿಯದ ಜಾಗವಿರಲಿಲ್ಲ. ಜಾಕೆಟ್ಟಿನಲ್ಲಿ ಒಂದು ನೂಲೂ ಕಿತ್ತಿರಲಿಲ್ಲ. ಮೇಲಿನದು ಹರಿಯದೆ ಒಳಗಿನದು ಹೇಗೆ ಹರಿಯುತ್ತದೆ? ನಾನು ಶಾಲೆಗೆ ಹೋದವಳಲ್ಲ. ಬಟ್ಟೆ ಗೊತ್ತು. ಅದರ ಕೊರಳಪಟ್ಟಿಯಲ್ಲಿ ಹಾಲಿನ ಕಮಟು ವಾಸನೆ ಇತ್ತು, ಒಗೆದರೂ ಹೋಗಿರಲಿಲ್ಲ. ನಮ್ಮ ಮನೆಯಲ್ಲಿ ಆಗ ಎಳೆಕೂಸು ಇರಲಿಲ್ಲ.

ಆದರೂ ಇನ್ಸ್‌ಪೆಕ್ಟರ್ ಹೇಳಿದ್ದನ್ನು ಹಿಡಿದುಕೊಂಡೆ. ಹಾಕಿಕೊಂಡೇ ಸತ್ತರು ಎಂದರೆ ದೇವರು ಕರೆದುಕೊಂಡ ಎಂದಾಗುತ್ತದೆ. ಬಿಚ್ಚಿಕೊಟ್ಟು ಸತ್ತರು ಎಂದರೆ, ತಮ್ಮ ಇಬ್ಬರು ಮಕ್ಕಳನ್ನು ಬಿಟ್ಟು ಇನ್ನೊಬ್ಬಳ ಕೂಸನ್ನು ಆರಿಸಿಕೊಂಡರು ಎಂದಾಗುತ್ತದೆ. ಆ ಸಿಟ್ಟನ್ನು ನಾನು ಯಾರ ಮೇಲೆ ತೀರಿಸಿಕೊಳ್ಳಲಿ? ಕಲ್ಲಿನ ಮೇಲಿನ ಹೆಸರಿನ ಜೊತೆ ಜಗಳ ಆಡಲಾ? ಕೆಲವು ದಿನ ಆಡಿದ್ದೇನೆ. ನೀರು ತರಲು ಹೋದಾಗ, ಯಾರೂ ಇಲ್ಲದಾಗ.

ಬೆಸ್ಟನ್, ನೀನು ತಪ್ಪು ತಿಳಿದಿದ್ದೀಯ. ನಿಮ್ಮಪ್ಪ ಇದನ್ನು ಹಾಕಿಕೊಂಡು ಎಷ್ಟೋ ಚಳಿಗಾಲ ಆ ತಿರುವಿನಲ್ಲಿ ನಿಂತು ಮನೆಗೆ ಬಂದಿದ್ದಾರೆ. ಹಾಕಿಕೊಳ್ಳದ ಒಂದು ದಿನ ಬರಲಿಲ್ಲ. ಒಳಗೆ ಕೊರಳಪಟ್ಟಿಯಲ್ಲಿ ನಾನು ಕೆಂಪು ದಾರದಲ್ಲಿ ಅವರ ಹೆಸರು ಹಾಕಿದ್ದೇನೆ, ಅದನ್ನು ಬಿಚ್ಚಬೇಡ. ಹಾಕಿಕೋ. ಹೆಸರು ಕಲ್ಲಿನಿಂದ ಹೋದರೆ ಹೋಗಲಿ.

ಸ್ಮರಣೆಯ ದಿನಕ್ಕೆ ನಾನು ಬರುವುದಿಲ್ಲ. ತಮಾಂಡಾ, ನನ್ನ ಜಾಗದಲ್ಲಿ ನೀನು ಕೂರು. ಕೂತಲ್ಲಿ ಸುಮ್ಮನಿರು.

ಆ ಹುಡುಗನಿಗೆ ಒಂದು ಚಡ್ಡಿ ಹೊಲಿದಿದ್ದೇನೆ, ಗಂಟಿನ ಕೆಳಗಿದೆ. ಯಾರು ಕೊಟ್ಟರೆಂದು ಹೇಳಬೇಡ.

ಅಮ್ಮ


ಲಿಜೊವೆ
ಆಗಸ್ಟ್ 24

ಅಮ್ಮಾ,

ಎಲ್ಲಿಂದ ಶುರು ಮಾಡಲಿ. ಒಳ್ಳೆಯದರಿಂದ ಮಾಡುತ್ತೇನೆ, ಅದು ಚಿಕ್ಕದಿದೆ.

ಅಣ್ಣ ಹಾಕಿಕೊಂಡ. ನಿನ್ನ ಕಾಗದವನ್ನು ಠಾಣೆಯ ಮೆಟ್ಟಿಲ ಮೇಲೆ ಕೂತು ಓದಿದ, ಮತ್ತೆ ಓದಿದ, ಅಂಗಿಯ ಜೇಬಿಗೆ ಇಟ್ಟುಕೊಂಡು ಗುಂಡಿ ಹಾಕಿದ. ಗಂಟು ಬಿಚ್ಚಿ ಜಾಕೆಟ್ಟನ್ನು ಮೂಗಿಗೆ ಹಿಡಿದ. "ಬೇವಿನ ವಾಸ್ನೆ ಕಣೇ" ಅಂದ. ತೋಳು ಸ್ವಲ್ಪ ಗಿಡ್ಡ, ಅಪ್ಪನಿಗಿಂತ ಅವನು ಉದ್ದ ಬೆಳೆದಿದ್ದಾನೆ. ನಾನು ಸಂಜೆ ಲಾರಿಯಲ್ಲಿ ಇಳಿದು ಬರುವಾಗ ಮೇಲಿನ ತಿರುವಿನಿಂದಲೇ ಕಂಡ ಅಮ್ಮಾ! ಮಂಜಿನಲ್ಲಿ ಅವನು ಕಾಣಲಿಲ್ಲ, ಆ ಎರಡು ಪಟ್ಟಿ ಕಂಡವು. ಡ್ರೈವರ್ ತಾನಾಗಿಯೇ ಗೇರು ಇಳಿಸಿದ. ನಾನು ಆ ದಿನ ಹೊಟ್ಟೆ ತುಂಬ ನ್ಸಿಮಾ ಮುದ್ದೆ ಉಂಡು ಮಲಗಿದೆ.

ಫೈನೆಸ್‌ಳ ಮಗನಿಗೆ ಚಡ್ಡಿ ಸರಿಯಾಗಿದೆ. ಯಾರು ಕೊಟ್ಟರೆಂದು ಅವಳು ಕೇಳಲಿಲ್ಲ. ಹೊಲಿಗೆಯ ಮೇಲೆ ಬೆರಳಾಡಿಸಿ ಒಳಗೆ ಹೋದಳು.

ನಿನ್ನೆ ಸ್ಮರಣೆಯ ದಿನ. ಜಿಲ್ಲಾ ಕಚೇರಿಯ ಅಂಗಳದಲ್ಲಿ ಕಲ್ಲಿಗೆ ಹೊಸದಾಗಿ ಸುಣ್ಣ ಬಳಿದಿದ್ದರು. ಅಪ್ಪನ ಹೆಸರಿನ ಕೆಳಗೆ ಡಿಕ್ಸನ್‌ನ ಹೆಸರು ಕೆತ್ತಿದ್ದಾರೆ, ಅಕ್ಷರದೊಳಗೆ ಇನ್ನೂ ಕಲ್ಲಿನ ಪುಡಿ ಇತ್ತು. ಒಬ್ಬೊಬ್ಬರ ಹೆಸರು ಓದಿದಾಗಲೂ ಮನೆಯವರು ಎದ್ದು "ಇದ್ದಾರೆ" ಎನ್ನಬೇಕು. ನಾನು ನಿನ್ನ ಜಾಗದಲ್ಲಿ ಎದ್ದು "ಇದ್ದಾರೆ" ಅಂದೆ. ಡಿಕ್ಸನ್‌ನ ತಾಯಿಗೆ ಹೇಳಲಾಗಲಿಲ್ಲ. ಪಕ್ಕದಲ್ಲಿದ್ದವರು ಹೇಳಿದರು.

ಅಣ್ಣ ಸಾಲಿನಲ್ಲಿ ನಿಂತಿದ್ದ. ಬೆಳಿಗ್ಗೆ ಡ್ಯೂಟಿಯಿಂದ ನೇರ ಬಂದವನು, ಜಾಕೆಟ್ಟು ಮೈಮೇಲೆಯೇ ಇತ್ತು, ಕೆಸರು ಹತ್ತಿತ್ತು. ಇನ್ಸ್‌ಪೆಕ್ಟರ್ ಮ್ವಾಲೆ ಅವನ ಮುಂದೆ ನಿಂತರು. ಕೊರಳಪಟ್ಟಿ ಮಡಚಿಕೊಂಡಿತ್ತು, ನಿನ್ನ ಕೆಂಪು ದಾರ ಕಂಡಿರಬೇಕು.

"ಇದು ಸಾರ್ಜೆಂಟ್ ಚಿಕೋಪಾ ಅವರದಾ?"

"ಹೌದು ಸಾರ್."

ಅವರ ಕಣ್ಣು ತುಂಬಿತು ಅಮ್ಮಾ. ನಿಜವಾಗಿಯೂ. ಅವರು ಕೆಟ್ಟವರಲ್ಲ, ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

"ಇಂಥಾದ್ದನ್ನ ಕೆಸರಲ್ಲಿ ಹಾಕ್ಕೊಂಡು ತಿರುಗ್ತಾರೇನಪ್ಪಾ?" ಎಂದರು. ಆಮೇಲೆ ಎಲ್ಲರ ಕಡೆ ತಿರುಗಿ, ಈ ಜಾಕೆಟ್ಟು ಇನ್ನು ಮುಂದೆ ಒಂದು ಮನೆಯದಲ್ಲ, ಇಡೀ ಪೊಲೀಸರದು, ಕಚೇರಿಯ ಗಾಜಿನ ಕಪಾಟಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಇಡುತ್ತೇವೆ ಎಂದರು. ಹೊಸಬರು ಅದನ್ನು ನೋಡಿ ಕಲಿಯಬೇಕಂತೆ. ಜನ ಚಪ್ಪಾಳೆ ತಟ್ಟಿದರು. ಹೆಂಗಸರು ನಾಲಿಗೆ ಹೊರಳಿಸಿ ಹರ್ಷದಿಂದ ಕೂಗಿದರು.

ಅಣ್ಣ ನನ್ನ ಕಡೆ ನೋಡಿದ. ಒಂದೇ ಸಲ. ಆಮೇಲೆ ಬಿಚ್ಚಿದ. ಎರಡು ಕೈಯಲ್ಲಿ ಹಿಡಿದು ಕೊಟ್ಟು ಸೆಲ್ಯೂಟ್ ಹೊಡೆದ.

ನೀನು ಕೂತಲ್ಲಿ ಸುಮ್ಮನಿರು ಎಂದಿದ್ದೆ. ಆಗಲಿಲ್ಲ. ಎದ್ದು ಕೂಗಿದೆ: "ಅದು ಅಪ್ಪನ ಮೈಮೇಲೆ ಇರ್ಲಿಲ್ಲ! ಇದ್ದಿದ್ರೆ ಬದುಕ್ತಿದ್ರು! ಡಿಕ್ಸನ್ ಮೈಮೇಲೂ ಇರ್ಲಿಲ್ಲ! ಅದನ್ನ ಕಪಾಟಿಗೆ ಹಾಕ್ಬೇಡಿ, ನಮ್ಮಣ್ಣನ ಮೈಮೇಲೆ ಹಾಕಿ!"

ಎಲ್ಲರಿಗೂ ಕೇಳುವ ಹಾಗೆ ಕೂಗಿದೆ. ಎಲ್ಲರೂ ಕೇಳಿದರು. ಏನಾಯಿತು ಗೊತ್ತಾ? ನಾಲ್ಕಾರು ಹೆಂಗಸರು ಬಂದು ನನ್ನನ್ನು ತಬ್ಬಿಕೊಂಡರು. "ಅಳು ಮಗಳೇ, ಅಳು, ಒಳಗಿಟ್ಕೋಬೇಡ" ಎಂದರು. ಯಾರೋ ಚಾಪೆ ಹಾಸಿದರು, ಯಾರೋ ಸಕ್ಕರೆ ನೀರು ಕುಡಿಸಿದರು, ಒಬ್ಬಳು ಚಿತೆಂಜೆಯಲ್ಲಿ ಗಾಳಿ ಹಾಕಿದಳು. "ಅಪ್ಪಂದೇ ಬಣ್ಣ, ಅಪ್ಪಂದೇ ಹಣೆ, ಪಾಪ" ಎಂದು ಮಾತಾಡಿಕೊಂಡರು. ನಾನು ಅಳುತ್ತಿರಲಿಲ್ಲ ಅಮ್ಮಾ. ಹೇಳುತ್ತಿದ್ದೆ. ಅಷ್ಟರಲ್ಲಿ ಬ್ಯಾಂಡ್ ಶುರುವಾಯಿತು. ಇನ್ಸ್‌ಪೆಕ್ಟರ್ ಬಂದು ನನ್ನ ತಲೆ ಮುಟ್ಟಿದರು. ಹೆಸರು ಕಲ್ಲಿನ ಮೇಲೆ ಹಾಗೆಯೇ ಇದೆ. ನೀನು ಹೆದರಬೇಕಾಗಿಲ್ಲ.

ಕಪಾಟನ್ನು ನೋಡಿಬಂದೆ. ಫುಟ್‌ಬಾಲ್ ಪಂದ್ಯದ ಎರಡು ಕಪ್ಪುಗಳ ನಡುವೆ ಇಟ್ಟಿದ್ದಾರೆ. ಬೀಗ ಹಾಕಿದ್ದಾರೆ. ಗಾಜಿನ ಮೇಲೆ ಬಿಸಿಲು ಬಿದ್ದಾಗ ಪಟ್ಟಿ ಚೆನ್ನಾಗಿ ಹೊಳೆಯುತ್ತದೆ.

ಹೊರಗೆ ಅಣ್ಣನನ್ನು ಹಿಡಿದೆ. ಲಾರಿಗೆ ಕಾಯುತ್ತಿದ್ದ, ಕಪ್ಪು ಕೋಟು ಹಾಕಿಕೊಂಡು.

"ಕೊಡಲ್ಲ ಅನ್ನೋಕಾಗ್ಲಿಲ್ವಾ?"

"ಆರ್ಡರ್ ಕಣೇ."

"ಅಮ್ಮ ಕಳಿಸಿದ್ದು ಅನ್ನೋಕಾಗ್ಲಿಲ್ವಾ?"

"ಹೊಸದು ಬರುತ್ತಂತೆ. ರಾಜಧಾನಿಯಿಂದ ಹೊರಟಿದೆ ಅಂದ್ರು."

"ಯಾವಾಗ?"

"ಹೊರಟಿದೆ ಅಂದ್ರು" ಅಂದ. ಕೋಟಿನ ಗುಂಡಿ ಹಾಕಿಕೊಂಡ. "ನಿಂದು ನಿಜಾನೇ ಇರಬಹುದು ತಮಾಂಡಾ. ಆದ್ರೆ ಅಷ್ಟು ಜನ ಎದ್ದು ನಿಂತಿದ್ರು. ಅಪ್ಪನಿಗೋಸ್ಕರ ನಿಂತಿದ್ರು. ನಾನೊಬ್ಬ ಹೆಂಗೆ ಕೂರಿಸ್ಲಿ ಅವರನ್ನ?"

ಇದಕ್ಕೆ ನಿನ್ನ ಹತ್ತಿರ ಉತ್ತರ ಇದ್ದರೆ ಬರೆ.

ನಾನು ಕಚೇರಿಯ ಗಾಜು ಒಡೆಯುವ ಯೋಚನೆಯನ್ನೂ ಮಾಡಿದೆ. ಒಡೆದರೆ ಅಣ್ಣನೇ ಬಂದು ನನ್ನನ್ನು ಹಿಡಿಯಬೇಕಾಗುತ್ತದೆ. ಬಟ್ಟೆ ಅಂಗಡಿಯಲ್ಲಿ ಕಿತ್ತಳೆ ಬಟ್ಟೆ ಸಿಕ್ಕಿತು, ಹೊಳೆಯುವ ಪಟ್ಟಿ ಸಿಗಲಿಲ್ಲ. ಬಟ್ಟೆ ತೆಗೆದುಕೊಂಡಿದ್ದೇನೆ. ಫೈನೆಸ್ ಹೊಲಿಯುತ್ತೇನೆ ಎಂದಿದ್ದಾಳೆ. ಮಂಜಿನಲ್ಲಿ ಅದು ಕಪ್ಪಾಗಿಯೇ ಕಾಣುತ್ತದೆ ಎಂದು ನನಗೂ ಗೊತ್ತು, ಅವಳಿಗೂ ಗೊತ್ತು.

ಸಂತೆಯ ಆಲೂಗಡ್ಡೆ ಮುದುಕಿಗೆ ಲೆಕ್ಕ ಒಪ್ಪಿಸಿ ತಕ್ಕಡಿ ಕೊಟ್ಟುಬಿಟ್ಟೆ. ತಿರುವಿನ ಹತ್ತಿರ ಆ ಮದುವೆಯ ಅಜ್ಜಿಯ ಮನೆ ಇದೆ, ಒಂದು ಮೂಲೆ ಕೊಡುತ್ತಾಳಂತೆ. ಠಾಣೆಯ ಹತ್ತಿರ ಬರಬೇಡ ಎಂದು ಅಣ್ಣ ಹೇಳಿದ್ದಾನೆ, ರಸ್ತೆಗೆ ಬರಬೇಡ ಎಂದು ಯಾರೂ ಹೇಳುವ ಹಾಗಿಲ್ಲ. ಹಳೆಯ ಕೊಂಬೆ ಎಳೆದು ಹಾಕುತ್ತೇನೆ. ಹಸಿಯದನ್ನು ದೂರ, ಇನ್ನೂ ಮೇಲಕ್ಕೆ ಹಾಸುತ್ತೇನೆ. ಯಾವ ಸೊಪ್ಪು ಎಂದು ಕೇಳಿದವರಿಗೆ ಹೇಳುತ್ತೇನೆ. ಕೇಳದವರಿಗೆ ಏನು ಮಾಡಬೇಕೋ ಗೊತ್ತಿಲ್ಲ.

ಮಚ್ಚು ಮಸೆದಿಟ್ಟಿದ್ದೇನೆ. ನಾಳೆ ಬೆಳಿಗ್ಗೆ ಆಲೂಗಡ್ಡೆ ಲಾರಿಯಲ್ಲಿ ಕಲಾಂಜೆಗೆ ಹೊರಡುತ್ತೇನೆ.

ತಮಾಂಡಾ